ಹಾಡಿನೊಳಗಿನ 'ನಾನು' ಯಾರು?

2025ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟೊಂದು ಕೊಟ್ಟ ತೀರ್ಪು ನನಗೆ ಬಹಳ ಹಿಡಿಸಿತು. ಹಿಡಿಸಿದಷ್ಟೇ ತಲೆಯನ್ನೂ ಕೆಡಿಸಿತು.

ಸಂಗತಿ ಇಷ್ಟು. ಕೆಂಡ್ರಿಕ್ ಲಮಾರ್ ಮತ್ತು ಡ್ರೇಕ್ ಅನ್ನೋ ಇಬ್ಬರು ಘಟಾನುಘಟಿ ರ‍್ಯಾಪರುಗಳು 2024ರ ಮಾರ್ಚಿನಿಂದ ಮೇ ತಿಂಗಳ ತನಕ ಒಬ್ಬರ ಮೇಲೊಬ್ಬರು ಹಾಡು ಕಟ್ಟಿ ಜಗಳವಾಡಿದರು. ಕೆಂಡ್ರಿಕ್‌ನ 'ನಾಟ್ ಲೈಕ್ ಅಸ್' ಆ ಜಗಳಕ್ಕೆ ಪೂರ್ಣವಿರಾಮ ಹಾಕಿತು. 2025ರ ಫೆಬ್ರವರಿ 2ರಂದು ಆ ಹಾಡಿಗೆ ಐದು ಗ್ರ್ಯಾಮಿ ಬಂತು. ಒಂದು ವಾರ ಕಳೆದ ಮೇಲೆ ಸೂಪರ್ ಬೌಲ್ ಪಂದ್ಯದ ನಡುವಿನ ಕಾರ್ಯಕ್ರಮದಲ್ಲಿ, ಇಡೀ ಅಮೆರಿಕ ಟಿವಿ ಮುಂದೆ ಕೂತಿದ್ದಾಗ, ಕೆಂಡ್ರಿಕ್ ಅದನ್ನು ಹಾಡಿಯೂಬಿಟ್ಟ. ಹಾಡಿನಲ್ಲಿ ಡ್ರೇಕ್ ಮೇಲೆ ಹೊರಿಸಿದ್ದ ಆರೋಪ ಸಣ್ಣದಲ್ಲ. ಡ್ರೇಕ್ ಅಷ್ಟರಲ್ಲಾಗಲೇ, ಅಂದರೆ ಜನವರಿಯಲ್ಲೇ, ಮಾನನಷ್ಟ ಮೊಕದ್ದಮೆ ಹೂಡಿದ್ದ. ಹೂಡಿದ್ದು ಕೆಂಡ್ರಿಕ್ ಮೇಲಲ್ಲ, ಇಬ್ಬರ ಹಾಡುಗಳನ್ನೂ ಮಾರುವ ಯೂನಿವರ್ಸಲ್ ಮ್ಯೂಸಿಕ್ ಕಂಪನಿಯ ಮೇಲೆ.

ನ್ಯಾಯಾಧೀಶೆ ಮೊಕದ್ದಮೆಯನ್ನು ವಜಾ ಮಾಡಿದರು. ಅವರು ಹೇಳಿದ್ದರ ಸಾರಾಂಶ ಇದು: ಇದು ರ‍್ಯಾಪ್ ಕಾಳಗ, ಇಲ್ಲಿ ಬೈಗುಳ, ಉತ್ಪ್ರೇಕ್ಷೆ ಎಲ್ಲ ಆಟದ ಭಾಗ. ಸಾಮಾನ್ಯ ತಿಳಿವಳಿಕೆ ಇರುವ ಯಾವ ಕೇಳುಗನೂ ಇದನ್ನು ಪರಿಶೀಲಿಸಿ ಹೇಳಿದ ಸತ್ಯಸಂಗತಿ ಅಂದುಕೊಳ್ಳುವುದಿಲ್ಲ.

ಸರಿಯಾದ ಮಾತು. ಹಾಡನ್ನು ಹಾಡಿನಂತೆ ಕೇಳಬೇಕು ಅಂತ ಕೋರ್ಟೇ ಹೇಳಿದ್ದು ನನಗೆ ಹಿಡಿಸಿದ್ದು. ಇನ್ನು ತಲೆ ಕೆಡಿಸಿದ್ದು ಯಾಕೆ ಅಂತೀರಾ? ಅದಕ್ಕೆ ಎರಡು ವರ್ಷ ಹಿಂದೆ, 2023ರ ನವೆಂಬರಿನಲ್ಲಿ, ಅಟ್ಲಾಂಟಾದ ಕೋರ್ಟಿನಲ್ಲಿ ಇನ್ನೊಬ್ಬ ರ‍್ಯಾಪರ್ ಯಂಗ್ ಥಗ್‌ನ ವಿಚಾರಣೆ ನಡೆಯುತ್ತಿತ್ತು. ಅಲ್ಲಿಯ ನ್ಯಾಯಾಧೀಶರು ಹದಿನೇಳು ಕಡೆಯ ಹಾಡಿನ ಸಾಲುಗಳನ್ನು ಷರತ್ತಿನ ಮೇಲೆ ಜ್ಯೂರಿಯ ಮುಂದೆ ಸಾಕ್ಷಿಯಾಗಿ ಇಡಬಹುದು ಅಂದಿದ್ದರು. ಒಂದೇ ದೇಶ, ಒಂದೇ ಬಗೆಯ ಸಂಗೀತ. ಒಂದು ಕೋರ್ಟಿಗೆ ಅದು ಬರೀ ಮಾತು, ಇನ್ನೊಂದು ಕೋರ್ಟಿಗೆ ಅದು ಸಾಕ್ಷಿ.

ಈ ಎರಡು ಕಿವಿಗಳು ಎಲ್ಲಿಂದ ಬಂದವು ಅಂತ ನೋಡಹೊರಟರೆ ರ‍್ಯಾಪಿನ ಅರ್ಧ ಶತಮಾನದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಜೊತೆಗೆ ಸಿನೆಮಾ, ಟಿವಿಯ ಚರಿತ್ರೆಯೂ.

* * *

ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು ಅಂತ ಲೆಕ್ಕ ಇಡುತ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ವಸತಿ ಸಮುಚ್ಚಯ. ಜಮೈಕಾದಿಂದ ಬಂದ ಕುಟುಂಬದ ಹುಡುಗಿ ಸಿಂಡಿ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ಕಾಸು ಹೊಂದಿಸಲು ಒಂದು ಪಾರ್ಟಿ ಇಟ್ಟಳು. ರೆಕಾರ್ಡ್ ಹಾಕಲು ಅಣ್ಣ ನಿಂತ. ಆ ಅಣ್ಣನೇ ಡಿಜೆ ಕೂಲ್ ಹರ್ಕ್. ಹಾಡಿನ ಮಧ್ಯೆ ಬರೀ ತಾಳವಾದ್ಯ ಬರುವ ತುಣುಕನ್ನು ಎರಡು ರೆಕಾರ್ಡುಗಳಲ್ಲಿ ಹಿಂದೆ ಮುಂದೆ ಮಾಡಿ ಉದ್ದ ಎಳೆಯುವ ಉಪಾಯ ಅವನದು. ಆ ತಾಳದ ಮೇಲೆ ಮೈಕಿನಲ್ಲಿ ಜನರನ್ನು ಹುರಿದುಂಬಿಸುವ ಮಾತುಗಳು ಬಂದವು. ಆ ಮಾತುಗಳೇ ಬೆಳೆದು ಪ್ರಾಸ ಹಿಡಿದು ರ‍್ಯಾಪ್ ಆದವು.

ಆದರೆ ಮಾತಿನ ಆಟ ಅದಕ್ಕಿಂತ ಹಳೆಯದು. ಕರಿಯರ ಬೀದಿಗಳಲ್ಲಿ 'ಡಜನ್ಸ್' ಅನ್ನೋ ಆಟವಿತ್ತು. ಇಬ್ಬರು ಎದುರುಬದುರು ನಿಂತು ಒಬ್ಬರ ಮನೆಯವರನ್ನೊಬ್ಬರು ಪ್ರಾಸಬದ್ಧವಾಗಿ ಹೀಯಾಳಿಸೋದು. ಮೊದಲು ಸಿಟ್ಟಾದವನು ಸೋತ. 'ಟೋಸ್ಟ್' ಅನ್ನೋ ಉದ್ದುದ್ದದ ಕಥನಪದ್ಯಗಳಿದ್ದವು. ಅದರಲ್ಲಿ ಬರುವ ಸ್ಟ್ಯಾಗೊಲೀ 1895ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ನಿಜವಾದ ಕೊಲೆಯೊಂದರಿಂದ ಎದ್ದು ಬಂದ ಪಾತ್ರ. ಹೇಳುವವನು ಹೇಳುತ್ತಾ ಹೇಳುತ್ತಾ ಆ ಖೂಳನನ್ನು ದೊಡ್ಡವನನ್ನಾಗಿ ಮಾಡುತ್ತಾನೆ, ಕೇಳುವವರು ನಗುತ್ತಾರೆ. ಯಾರೂ ಹೇಳಿದವನನ್ನು ಪೊಲೀಸಿಗೆ ಹಿಡಿದುಕೊಡುವುದಿಲ್ಲ.

ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಹಾಡಿಕೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡು ಹೆಚ್ಚು, ಹೆಣ್ಣು ಹೆಚ್ಚು ಅಂತ ರಾತ್ರಿಯೆಲ್ಲ ಹಾಡಿ ವಾದ ಹೂಡುತ್ತಾರೆ. ಬೆಳಗಾದ ಮೇಲೆ ಹಾಡಿದವರ ಮನೆಯ ಸಂಸಾರ ಹೇಗಿದೆ ಅಂತ ಯಾರಾದರೂ ವಿಚಾರಿಸುತ್ತಾರಾ?

ರ‍್ಯಾಪ್ ಗಂಭೀರವಾದ ಸಂಗತಿ ಹೇಳಬಲ್ಲದು ಅಂತ ತೋರಿಸಿದ ಹಾಡು 1982ರ 'ದಿ ಮೆಸೇಜ್'. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದಿ ಫ್ಯೂರಿಯಸ್ ಫೈವ್ ಹೆಸರಿನಲ್ಲಿ ಬಂತು. ಬ್ರಾಂಕ್ಸಿನ ಒಡೆದ ಗಾಜು, ಗಬ್ಬು ವಾಸನೆ, ಹಾಳುಬಿದ್ದ ಬದುಕು, ಜೈಲಿನಲ್ಲಿ ಮುಗಿಯುವ ಹುಡುಗ, ಎಲ್ಲ ಅದರಲ್ಲಿದೆ. ಎಲ್ಲರೂ 'ಇದು ಬೀದಿಯ ನಿಜದನಿ' ಅಂದರು. ತಮಾಷೆ ಏನು ಗೊತ್ತಾ? ಹಾಡಿನ ಬಹುಪಾಲು ಬರೆದದ್ದು ಎಡ್ ಫ್ಲೆಚರ್ ಎಂಬ ಸ್ಟುಡಿಯೋ ಸಂಗೀತಗಾರ. ಮುಂದೆ ಮೇಷ್ಟರಾದ ಮನುಷ್ಯ. ಮೆಲೀ ಮೆಲ್ ಒಬ್ಬನನ್ನು ಬಿಟ್ಟರೆ ತಂಡದವರಿಗೆ ಈ ಹಾಡು ಬೇಕಾಗಿಯೇ ಇರಲಿಲ್ಲ. ಫ್ಲ್ಯಾಶ್ ಈ ರೆಕಾರ್ಡಿಂಗಿನಲ್ಲಿ ಕೈಯೇ ಆಡಿಸಿಲ್ಲ! ಹಾಗಂತ ಹಾಡು ಸುಳ್ಳಾಯಿತೇ? ಇಲ್ಲ. ಹಾಡು ನಿಜವೇ. ಅದರೊಳಗಿನ 'ನಾನು' ಮಾತ್ರ ಬರೆದವನಲ್ಲ. ಒಳ್ಳೆಯ ಕಥೆಗಾರ ಮಾಡುವ ಕೆಲಸವನ್ನೇ ಆ ಸ್ಟುಡಿಯೋ ಸಂಗೀತಗಾರ ಮಾಡಿದ್ದ.

* * *

ಇನ್ನು ಗ್ಯಾಂಗ್‌ಸ್ಟಾ ರ‍್ಯಾಪಿಗೆ ಬರೋಣ. ಇದಕ್ಕೆ ಬೀದಿಯಷ್ಟೇ ಸಿನೆಮಾ ಕೂಡ ತವರು. 1972ರ 'ಗಾಡ್‌ಫಾದರ್', 1983ರ 'ಸ್ಕಾರ್‌ಫೇಸ್' ನೋಡಿ ಬೆಳೆದ ಹುಡುಗರು ಇವರು. ಹ್ಯೂಸ್ಟನ್ನಿನ ಒಬ್ಬ ರ‍್ಯಾಪರ್ ತನ್ನ ಹೆಸರನ್ನೇ ಸ್ಕಾರ್‌ಫೇಸ್ ಅಂತ ಇಟ್ಟುಕೊಂಡ. ಜೇ-ಜೀ 2007ರಲ್ಲಿ ರಿಡ್ಲಿ ಸ್ಕಾಟ್‌ನ 'ಅಮೆರಿಕನ್ ಗ್ಯಾಂಗ್‌ಸ್ಟರ್' ಸಿನೆಮಾದಿಂದ ಪ್ರೇರಣೆ ಪಡೆದು ಅದೇ ಹೆಸರಿನಲ್ಲಿ ಒಂದು ಇಡೀ ಆಲ್ಬಂ ಮಾಡಿದ. ಸಿನೆಮಾದವರು ತೆರೆಯ ಮೇಲೆ ತೋರಿಸಿದ್ದನ್ನು ಇವರು ಮೈಕಿನ ಮುಂದೆ ಮಾಡಿದರು. ವ್ಯತ್ಯಾಸ ಒಂದೇ: ಸಿನೆಮಾದಲ್ಲಿ 'ಅವನು' ಕೊಲ್ಲುತ್ತಾನೆ, ರ‍್ಯಾಪಿನಲ್ಲಿ 'ನಾನು' ಕೊಲ್ಲುತ್ತೇನೆ. ಈ ಒಂದು ಸರ್ವನಾಮದಿಂದ ಎಷ್ಟು ರಾಮಾಯಣ!

1988ರಲ್ಲಿ ಎನ್.ಡಬ್ಲ್ಯು.ಎ. ತಂಡದ 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಬಂತು. ಜಗತ್ತಿನ ಅತಿ ಅಪಾಯಕಾರಿ ತಂಡ ಅಂತ ತಮ್ಮನ್ನು ತಾವೇ ಕರೆದುಕೊಂಡರು. ಅದರ ಮುಖ್ಯ ಬರಹಗಾರ ಐಸ್ ಕ್ಯೂಬ್ ಆ ಆಲ್ಬಂಗೆ ಸ್ವಲ್ಪ ಮುಂಚೆ ಅರಿಜೋನಾದಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವ ಡ್ರಾಫ್ಟಿಂಗ್ ಕೋರ್ಸ್ ಓದುತ್ತಿದ್ದ. ಡಾ. ಡ್ರೇ ಅದಕ್ಕೂ ಹಿಂದೆ ಮಿರಮಿರ ಮಿನುಗುವ ದಿರಿಸು ಹಾಕಿಕೊಂಡು ಡ್ಯಾನ್ಸ್ ಸಂಗೀತ ನುಡಿಸುತ್ತಿದ್ದ. ಅಲ್ಲಿ ಪೊಲೀಸರ ದೌರ್ಜನ್ಯ ನಿಜ, ಬೀದಿಯ ಗುಂಡು ನಿಜ. ಆದರೆ ಮೈಕಿನ ಮುಂದೆ ನಿಂತ 'ನಾನು' ವೇಷ. 1989ರ ಆಗಸ್ಟಿನಲ್ಲಿ ಎಫ್.ಬಿ.ಐ.ನ ಅಧಿಕಾರಿಯೊಬ್ಬರು ಅವರ ರೆಕಾರ್ಡ್ ಕಂಪನಿಗೆ ಪತ್ರ ಬರೆದು ಪೊಲೀಸರ ಕುರಿತ ಹಾಡಿನ ಬಗ್ಗೆ ಅಸಮಾಧಾನ ತೋಡಿಕೊಂಡರು. ಸರ್ಕಾರದ ಪತ್ತೇದಾರಿ ಸಂಸ್ಥೆ ಒಂದು ಹಾಡಿಗೆ ವಿಮರ್ಶೆ ಬರೆದ ಹಾಗಾಯಿತು :-)

1990ರಲ್ಲಿ ಫ್ಲಾರಿಡಾದಲ್ಲಿ ಇನ್ನೊಂದು ಕಥೆ. 2 ಲೈವ್ ಕ್ರೂ ಅನ್ನೋ ತಂಡದ ಆಲ್ಬಂ ಅಶ್ಲೀಲ ಅಂತ ಫೆಡರಲ್ ನ್ಯಾಯಾಧೀಶರೊಬ್ಬರು ತೀರ್ಪು ಕೊಟ್ಟರು. ಅದನ್ನು ಮಾರಿದ ಅಂಗಡಿಯವನನ್ನು ಬಂಧಿಸಿದರು, ವೇದಿಕೆಯ ಮೇಲೆ ಹಾಡಿದ್ದಕ್ಕೆ ತಂಡದವರನ್ನೂ ಕೋರ್ಟಿಗೆ ಎಳೆದರು. ಆಗ ತಂಡದ ಪರ ಸಾಕ್ಷಿ ಹೇಳಲು ಬಂದವರು ಹೆನ್ರಿ ಲೂಯಿಸ್ ಗೇಟ್ಸ್ ಎಂಬ ಸಾಹಿತ್ಯದ ಪ್ರೊಫೆಸರು. ಬೈಗುಳವನ್ನು ಅತಿಗೆ ಒಯ್ದು ನಗಿಸುವ ಕರಿಯರ ಹಳೆಯ ಮಾತಿನ ಆಟಗಳನ್ನು ಅವರು ಜ್ಯೂರಿಗೆ ಬಿಡಿಸಿ ಹೇಳಿದರು. ಜ್ಯೂರಿ ತಂಡದವರನ್ನು ಬಿಟ್ಟಿತು. 1992ರಲ್ಲಿ ಮೇಲಿನ ಕೋರ್ಟು ಅಶ್ಲೀಲದ ತೀರ್ಪನ್ನೂ ತಳ್ಳಿಹಾಕಿತು. ನನ್ನ ಅಭಿಪ್ರಾಯ ಕೇಳಿದರೆ, ಆ ಆಲ್ಬಂ ಮನೆಮಂದಿ ಕೂತು ಕೇಳುವಂಥದ್ದಲ್ಲ, ಒಬ್ಬನೇ ಕೂತು ಕೇಳಿದರೂ ಅಂಥ ಸುಖವೇನಿಲ್ಲ. ಆದರೆ ಕೆಟ್ಟ ಅಭಿರುಚಿಗೆ ಜೈಲು ಅಂತಾದರೆ ನಮ್ಮ ಗಾಂಧಿನಗರದಲ್ಲಿ ಯಾರು ಉಳಿಯುತ್ತಾರೆ?

* * *

ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಮನುಷ್ಯ ಐಸ್-ಟಿ.

1992ರಲ್ಲಿ ಅವನ 'ಬಾಡಿ ಕೌಂಟ್' ತಂಡದ 'ಕಾಪ್ ಕಿಲ್ಲರ್' ಹಾಡು ಬಂತು. ಪೊಲೀಸರ ದೌರ್ಜನ್ಯದಿಂದ ರೋಸಿಹೋಗಿ ಕೊಲ್ಲಹೊರಟ ಒಬ್ಬನ ಬಾಯಲ್ಲಿ ಬರುವ ಹಾಡು. ಟೆಕ್ಸಸ್‌ನ ಪೊಲೀಸ್ ಸಂಘ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಟೈಮ್ ವಾರ್ನರ್ ಕಂಪನಿಯ ಷೇರುದಾರರ ಸಭೆಯಲ್ಲಿ ನಟ ಚಾರ್ಲ್‌ಟನ್ ಹೆಸ್ಟನ್ ಎದ್ದು ನಿಂತು ಸಾಲುಗಳನ್ನು ಓದಿದರು. ಅಧ್ಯಕ್ಷ ಜಾರ್ಜ್ ಬುಷ್ (ಅಪ್ಪ ಬುಷ್) ಕೂಡ ಪೊಲೀಸರ ಕೊಲೆಯನ್ನು ವೈಭವೀಕರಿಸುವವರನ್ನು ಖಂಡಿಸಿದರು. ಕೊನೆಗೆ ಜುಲೈನಲ್ಲಿ ಐಸ್-ಟಿ ಆ ಹಾಡನ್ನು ಆಲ್ಬಂನಿಂದ ತೆಗೆದ.

ಈಗ ಎರಡು ಸಂಗತಿ ಗಮನಿಸಿ. ಒಂದು, ಆ ಹಾಡು ರ‍್ಯಾಪೇ ಅಲ್ಲ! ಗಿಟಾರು ಕಿರುಚುವ ಹೆವಿ ಮೆಟಲ್ ರಾಕ್. ಹಾಡಿದವನು ರ‍್ಯಾಪರ್ ಅಂತ ಎಲ್ಲರೂ ಅದನ್ನು ರ‍್ಯಾಪ್ ಅಂದರು. ಎರಡು, 1984ರ 'ಟರ್ಮಿನೇಟರ್' ಸಿನೆಮಾದಲ್ಲಿ ನಾಯಕನಟ ಒಂದು ಇಡೀ ಪೊಲೀಸ್ ಠಾಣೆಯನ್ನೇ ಗುಂಡಿಟ್ಟು ನೆಲಸಮ ಮಾಡುತ್ತಾನೆ. ಆ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ 1992ರಲ್ಲಿ ಇದೇ ಬುಷ್ ನೇಮಿಸಿದ್ದ ದೇಹದಾರ್ಢ್ಯ ಮಂಡಳಿಯ ಅಧ್ಯಕ್ಷನಾಗಿದ್ದ. 2003ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರೂ ಆದ. ಯಾರಿಗೂ ಅವನ ಮೇಲೆ ಅನುಮಾನ ಬರಲಿಲ್ಲ, ಬರಲೂಬಾರದು.

ಐಸ್-ಟಿ ಏನಾದ? 2000ದಿಂದ 'ಲಾ ಅಂಡ್ ಆರ್ಡರ್: ಎಸ್.ವಿ.ಯು.' ಧಾರಾವಾಹಿಯಲ್ಲಿ ಪತ್ತೇದಾರಿ ಪೊಲೀಸ್ ಫಿನ್ ಟುಟೋಲಾ. ಕಾಲು ಶತಮಾನದಿಂದ ಟಿವಿಯಲ್ಲಿ ಪೊಲೀಸ್ ವೇಷ! ಸಾರ್ವಜನಿಕರು ಅವನನ್ನು ನಿಜವಾದ ಪೊಲೀಸ್ ಅಂತ ನಂಬಿ ದೂರು ಕೊಡಲು ಬರುವುದಿಲ್ಲ. ಅದು ನಟನೆ ಅಂತ ಎಲ್ಲರಿಗೂ ಗೊತ್ತು. ಆದರೆ ಮೈಕು ಹಿಡಿದು ಅವನು ಮಾಡಿದ ವೇಷವನ್ನು ಮಾತ್ರ ಯಾರೂ ನಟನೆ ಅನ್ನಲಿಲ್ಲ.

ಇದು ಬರೀ ನನ್ನ ಅನಿಸಿಕೆಯಲ್ಲ. 1990ರ ದಶಕದಲ್ಲಿ ಕ್ಯಾರಿ ಫ್ರೈಡ್ ಎಂಬ ಮನಶ್ಶಾಸ್ತ್ರದ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಕಿಂಗ್‌ಸ್ಟನ್ ಟ್ರಿಯೋ ಎಂಬ ಬಿಳಿಯರ ಜಾನಪದ ತಂಡದ, 1960ರ ಒಂದು ಹಾಡಿನ ಸಾಲುಗಳನ್ನು ಜನರ ಕೈಗೆ ಕೊಟ್ಟರು. ಪೊಲೀಸನನ್ನು ಕೊಂದವನ ಹಾಡು. ಕೆಲವರಿಗೆ ಇದು ಕಂಟ್ರಿ ಹಾಡು ಅಥವಾ ಜಾನಪದ ಅಂದರು, ಕೆಲವರಿಗೆ ರ‍್ಯಾಪ್ ಅಂದರು. ಅದೇ ಸಾಲು, ಅದೇ ಕಾಗದ. ರ‍್ಯಾಪ್ ಅಂದುಕೊಂಡವರಿಗೆ ಅದು ಹೆಚ್ಚು ಅಪಾಯಕಾರಿಯಾಗಿ ಕಂಡಿತು, ಇದಕ್ಕೆ ಕಡಿವಾಣ ಬೇಕು ಅನ್ನಿಸಿತು. 2016ರಲ್ಲಿ ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದಾಗಲೂ ರ‍್ಯಾಪ್ ಅನ್ನೋ ಹಣೆಪಟ್ಟಿ ಅದೇ ಕೆಲಸ ಮಾಡಿತು.

ಜಾನಿ ಕ್ಯಾಶ್ 1955ರಲ್ಲಿ 'ಫೋಲ್ಸಮ್ ಪ್ರಿಸನ್ ಬ್ಲೂಸ್' ಹಾಡಿದ. ಅದರ 'ನಾನು' ವಿನಾಕಾರಣ ಒಬ್ಬನನ್ನು ಕೊಂದು ಜೈಲಿನಲ್ಲಿ ಕೂತಿರುವವನು. ಕ್ಯಾಶ್ ಯಾರನ್ನೂ ಕೊಂದಿರಲಿಲ್ಲ. 1968ರಲ್ಲಿ ಅದೇ ಫೋಲ್ಸಮ್ ಜೈಲಿನೊಳಗೆ, ಕೈದಿಗಳ ಮುಂದೆ, ಜೈಲಿನವರ ಒಪ್ಪಿಗೆಯಿಂದಲೇ ಅದನ್ನು ಹಾಡಿದ. ಆ ರೆಕಾರ್ಡು ಅವನ ಅತಿ ಪ್ರಸಿದ್ಧ ರೆಕಾರ್ಡುಗಳಲ್ಲಿ ಒಂದು. ಕಂಟ್ರಿ ಹಾಡಿಗೆ ಇರುವ ಈ ರಿಯಾಯಿತಿ ರ‍್ಯಾಪಿಗೆ ಇಲ್ಲ.

* * *

ಇಲ್ಲಿಯವರೆಗೆ ನಡೆದದ್ದು ಹಾಡಿನ ಮೇಲಿನ ಜಗಳ. ಮುಂದಿನದು ಮನುಷ್ಯರ ಬದುಕಿನದು.

1991ರಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದರ ಮುಂದೆ ಮಾದಕವಸ್ತು ಸಾಗಣೆಯ ಪ್ರಕರಣ ಬಂತು. ಆರೋಪಿಯ ನೋಟ್‌ಬುಕ್ಕಿನಲ್ಲಿ ಕೈಬರಹದ ಒಂದು ರ‍್ಯಾಪ್ ಪದ್ಯ ಸಿಕ್ಕಿತ್ತು. ಅದನ್ನು ಸಾಕ್ಷಿಯಾಗಿ ಬಳಸಿದ್ದು ಸರಿಯೇ ಅನ್ನೋದು ಪ್ರಶ್ನೆ. ಸರಿ ಅಂತು ಕೋರ್ಟು. ಅದಕ್ಕೆ ಕೊಟ್ಟ ಹೋಲಿಕೆ 'ಗಾಡ್‌ಫಾದರ್' ಕಾದಂಬರಿಯದು. ಆ ಕಾದಂಬರಿ ಬರೆದ ಮಾರಿಯೋ ಪುಜೋ ಮಾಫಿಯಾ ದೊರೆ ಅಂತೇನೂ ಅಲ್ಲ, ಆದರೆ ಮಾಫಿಯಾದ ಒಳಗುಟ್ಟು ಅವನಿಗೆ ಗೊತ್ತಿತ್ತು ಅನ್ನಲು ಆ ಕಾದಂಬರಿ ಸಾಕ್ಷಿಯಾದೀತು, ಹಾಗೇ ಇದೂ ಅನ್ನೋ ತರ್ಕ.

ಕೇಳಲು ಚೆನ್ನಾಗಿದೆ. ಆದರೆ ಪುಜೋ ಏನು ಬರೆದುಕೊಂಡಿದ್ದಾರೆ ಗೊತ್ತಾ? ತಾನು ಒಬ್ಬನೇ ಒಬ್ಬ ಅಸಲಿ ಗ್ಯಾಂಗ್‌ಸ್ಟರನ್ನೂ ಕಾಣದೆ, ಪೂರ್ತಿ ಓದಿ ತಿಳಿದುಕೊಂಡೇ ಆ ಕಾದಂಬರಿ ಬರೆದೆ ಅಂತ 1972ರಲ್ಲೇ ಹೇಳಿಕೊಂಡಿದ್ದರು! ಕೋರ್ಟು ಆರಿಸಿಕೊಂಡ ಉದಾಹರಣೆಯೇ ಕೋರ್ಟಿನ ತರ್ಕದ ಗಾಳಿ ತೆಗೆಯುತ್ತದೆ. ಕಥೆ ಕಟ್ಟುವವನಿಗೆ ಕಿವಿ ಇದ್ದರೆ ಸಾಕು, ಕೈಯಲ್ಲಿ ರಕ್ತ ಬೇಕಾಗಿಲ್ಲ.

ಈ ತರ್ಕದ ಬೆಲೆ ತೆತ್ತವನು ಮ್ಯಾಕ್ ಫಿಪ್ಸ್. ಲೂಸಿಯಾನಾದ ರ‍್ಯಾಪರ್, ನೋ ಲಿಮಿಟ್ ಕಂಪನಿಯ ಕಲಾವಿದ. 2000ದಲ್ಲಿ ಒಂದು ಕ್ಲಬ್ಬಿನಲ್ಲಿ ಗುಂಡು ಹಾರಿ ಒಬ್ಬ ಯುವಕ ಸತ್ತ. ಗುಂಡು ಹಾರಿಸಿದ್ದು ನಾನು ಅಂತ ಬೇರೊಬ್ಬ ಹೇಳಿಕೆ ಕೊಟ್ಟರೂ ವಿಚಾರಣೆ ಎದುರಿಸಿದ್ದು ಮ್ಯಾಕ್. ಸರ್ಕಾರಿ ವಕೀಲರು ಅವನ ಹಾಡಿನ ಸಾಲುಗಳನ್ನು ಜ್ಯೂರಿಯ ಮುಂದೆ ಓದಿದರು. ಅದೂ ಹೇಗೆ? ಎರಡು ಬೇರೆ ಬೇರೆ ಹಾಡಿನ ತುಣುಕುಗಳನ್ನು ಜೋಡಿಸಿ, ಒಂದೇ ಮಾತು ಅನ್ನಿಸುವ ಹಾಗೆ. ಅದರಲ್ಲೊಂದು ತುಣುಕು ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ ತನ್ನ ಅಪ್ಪನ ಬಗ್ಗೆ ಅವನು ಬರೆದದ್ದು. 2001ರಲ್ಲಿ ಮೂವತ್ತು ವರ್ಷ ಶಿಕ್ಷೆಯಾಯಿತು. ಗವರ್ನರ್ ಕ್ಷಮಾದಾನದ ದಾರಿ ತೆರೆದ ಮೇಲೆ 2021ರಲ್ಲಿ ಅವನು ಹೊರಗೆ ಬಂದ. ಇಪ್ಪತ್ತು ವರ್ಷಕ್ಕೂ ಮೇಲೆ ಒಳಗಿದ್ದ.

ನಮ್ಮಲ್ಲಿ ಗಾದೆಯಿದೆಯಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ. ಇಲ್ಲಿ ಅದು ತಿರುಗಾಮುರುಗಾ. ಕುಂಬಳಕಾಯಿ ಕಳ್ಳನ ಮೇಲೆ ಹಾಡು ಕಟ್ಟಿದವನ ಹೆಗಲನ್ನು ಪೊಲೀಸರೇ ತಡವಿ ನೋಡುತ್ತಾರೆ!

ಎರಿಕ್ ನೀಲ್ಸನ್ ಮತ್ತು ಆಂಡ್ರಿಯಾ ಡೆನ್ನಿಸ್ 2019ರಲ್ಲಿ 'ರ‍್ಯಾಪ್ ಆನ್ ಟ್ರಯಲ್' ಎಂಬ ಪುಸ್ತಕ ಬರೆದರು. ಹೀಗೆ ಹಾಡು ಕೋರ್ಟಿಗೆ ಬಂದ ಸುಮಾರು 500 ಪ್ರಕರಣಗಳನ್ನು ಪತ್ತೆ ಮಾಡಿದ್ದಾರೆ. ಹೆಚ್ಚಿನವರು ಹೆಸರಾದ ಕಲಾವಿದರಲ್ಲ, ಮನೆಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಗೀಚುವ ಹುಡುಗರು. ಡ್ರೇಕ್-ಕೆಂಡ್ರಿಕ್ ಮೊಕದ್ದಮೆಯಲ್ಲಿ ಎರಡೂ ಕಡೆ ದೊಡ್ಡ ದೊಡ್ಡ ವಕೀಲರಿದ್ದರು. ರ‍್ಯಾಪ್ ಕಾಳಗ ಅಂದರೇನು ಅಂತ ತಿಳಿದುಕೊಳ್ಳಲು ಕೋರ್ಟಿಗೆ ವ್ಯವಧಾನವಿತ್ತು. ನೋಟ್‌ಬುಕ್ ಹುಡುಗನಿಗೆ ಅದನ್ನು ಯಾರು ಬಿಡಿಸಿ ಹೇಳಿಯಾರು? ಎಲ್ಲರಿಗೂ ಗೇಟ್ಸ್ ಥರದ ಪ್ರೊಫೆಸರು ಸಿಗುತ್ತಾರಾ?

* * *

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಅಭಿಮಾನಿ ಸಂಘದ ಕರಪತ್ರವಾದೀತು.

'ನಾನು ಅಸಲಿ, ಉಳಿದವರು ನಕಲಿ' ಅಂತ ಮೂವತ್ತು ನಲವತ್ತು ವರ್ಷದಿಂದ ಮಾರಿಕೊಂಡು ಬಂದವರು ರ‍್ಯಾಪರುಗಳೇ. ಕಂಪನಿಗಳಿಗೂ ಅದೇ ಬೇಕಾಗಿತ್ತು. ರಿಕ್ ರಾಸ್ ಅನ್ನೋ ರ‍್ಯಾಪರನ್ನೇ ನೋಡಿ. ಲಾಸ್ ಏಂಜಲೀಸ್‌ನ ಒಬ್ಬ ನಿಜವಾದ ಕೊಕೇನ್ ದೊರೆಯ ಹೆಸರನ್ನೇ ಇಟ್ಟುಕೊಂಡು ಕೊಕೇನ್ ಸಾಮ್ರಾಜ್ಯದ ಹಾಡು ಹಾಡಿ ದೊಡ್ಡವನಾದ. 2008ರಲ್ಲಿ ಗುಟ್ಟು ರಟ್ಟಾಯಿತು: 1990ರ ದಶಕದಲ್ಲಿ ಅವನು ಫ್ಲಾರಿಡಾದಲ್ಲಿ ಜೈಲಿನ ಕಾವಲುಗಾರನಾಗಿದ್ದ! ನಿಯತ್ತಿನ ಸಂಬಳದ ಕೆಲಸ ಮಾಡಿದ್ದು ಅವಮಾನವಾಗುವ ವಿಚಿತ್ರ ಲೋಕ ಇದು. ಅಸಲಿ ರಾಸ್ ಹೆಸರು ಕದ್ದ ಅಂತ ಮೊಕದ್ದಮೆ ಹೂಡಿದ, ಸೋತ. ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಕೊಟ್ಟ ಕಾರಣ ಮಜವಾಗಿದೆ. ರ‍್ಯಾಪರ್ ರಾಸ್ ಎನ್ನುವುದು ಹೆಸರು, ಕಥೆ, ಸಂಗೀತ ಎಲ್ಲ ಸೇರಿಸಿ ಕಟ್ಟಿದ ಹೊಸ ಸೃಷ್ಟಿ, ಅದು ಕಲೆ, ಅದಕ್ಕೆ ರಕ್ಷಣೆ ಇದೆ. ಅಂದರೆ ಹಣದ ವ್ಯಾಜ್ಯ ಬಂದಾಗ ಹಾಡಿನ 'ನಾನು' ಕಲ್ಪನೆ ಅಂತ ಕೋರ್ಟಿಗೆ ಥಟ್ಟನೆ ಅರ್ಥವಾಗುತ್ತದೆ.

ಇನ್ನು, ಕೆಲವರು ನಿಜಕ್ಕೂ ಅಪರಾಧ ಮಾಡಿದ್ದಾರೆ, ಅದನ್ನು ಹಾಡಿಯೂ ಇದ್ದಾರೆ. ಸತ್ತವರ ಹೆಸರು ಹಿಡಿದು ಅಣಕಿಸುವ ಹಾಡುಗಳಿವೆ. ಆ ತಾಯಂದಿರ ಹೊಟ್ಟೆಯ ಉರಿಯನ್ನು 'ಕಲೆ' ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗಂತೂ ಬಾಯಿ ಬರುವುದಿಲ್ಲ. ಯಂಗ್ ಥಗ್ ಪ್ರಕರಣವೂ ಸರಳವಲ್ಲ. 2022ರ ಮೇ ತಿಂಗಳಲ್ಲಿ ಬಂಧನವಾಗಿ, ಜಾರ್ಜಿಯಾ ರಾಜ್ಯದ ಅತಿ ದೀರ್ಘ ವಿಚಾರಣೆ ನಡೆದು, 2024ರ ಅಕ್ಟೋಬರ್ 31ರಂದು ಅವನು ಗ್ಯಾಂಗ್, ಮಾದಕವಸ್ತು, ಬಂದೂಕಿನ ಕೆಲವು ಆರೋಪಗಳನ್ನು ಒಪ್ಪಿಕೊಂಡ. ಅಷ್ಟು ದಿನ ಒಳಗಿದ್ದದ್ದೇ ಶಿಕ್ಷೆ ಅಂತಾಗಿ, ಹದಿನೈದು ವರ್ಷದ ನಿಗಾ ಷರತ್ತಿನ ಮೇಲೆ ಹೊರಬಂದ.

ಹಾಗಾದರೆ ದಾರಿ ಏನು? ನನ್ನ ಮಟ್ಟಿಗೆ 2014ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಹೇಳಿದ್ದೇ ಸರಿ. ಅಲ್ಲೊಂದು ಕೊಲೆಯತ್ನದ ವಿಚಾರಣೆಯಲ್ಲಿ ಆರೋಪಿಯ ರ‍್ಯಾಪ್ ಸಾಲುಗಳನ್ನು ಹದಿಮೂರು ಪುಟದಷ್ಟು ಓದಿದ್ದರು. ಘಟನೆಗೂ ಆ ಸಾಲುಗಳಿಗೂ ಸಂಬಂಧವೇ ಇರಲಿಲ್ಲ. ಹಾಡಿನೊಳಗಿನ ನಿರ್ದಿಷ್ಟ ವಿವರಕ್ಕೂ ನಡೆದ ಅಪರಾಧಕ್ಕೂ ಗಟ್ಟಿಯಾದ ಕೊಂಡಿ ಇದ್ದರೆ ಮಾತ್ರ ಹಾಡು ಸಾಕ್ಷಿಯಾಗಲಿ, ಬರೀ 'ಇವನು ಎಂಥವನು ನೋಡಿ' ಅಂತ ತೋರಿಸಲು ಅಲ್ಲ ಅಂತು ಕೋರ್ಟು. ಶೆರಿಫ್‌ನನ್ನು ಕೊಂದ ಹಾಡು ಬರೆದ ಬಾಬ್ ಮಾರ್ಲಿ ನಿಜಕ್ಕೂ ಕೊಂದಿದ್ದ ಅಂತ, ಹೆಣ ಹೂತಿಟ್ಟ ಕಥೆ ಬರೆದ ಎಡ್ಗರ್ ಅಲನ್ ಪೋ ನಿಜಕ್ಕೂ ಹೂತಿದ್ದ ಅಂತ ಯಾರೂ ತಿಳಿಯುವುದಿಲ್ಲವಲ್ಲ ಅಂತಲೂ ಕೇಳಿತು. ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನನ್ನೇ ಮಾಡಿತು: ಇಂಥ ಸಾಲುಗಳು ಜ್ಯೂರಿಯ ಕಿವಿಗೆ ಬೀಳುವ ಮುಂಚೆ, ಅವುಗಳಿಂದ ತಿಳಿಯುವುದೆಷ್ಟು, ಕೆಡುವುದೆಷ್ಟು ಅಂತ ನ್ಯಾಯಾಧೀಶರು ತೂಗಿ ನೋಡಬೇಕು.

* * *

ಸಿನೆಮಾ, ಟಿವಿಯವರು ಈ ವಿಷಯವನ್ನು ಕೋರ್ಟಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ ಅಂತ ನನಗನ್ನಿಸುತ್ತದೆ. ಎಲ್ಲರೂ ಅಲ್ಲ. 2015ರ 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಸಿನೆಮಾ ನೋಡಲು ಮಜವಾಗಿದೆ, ಆದರೆ ಡ್ರೇ, ಐಸ್ ಕ್ಯೂಬ್ ಅವರೇ ನಿರ್ಮಾಪಕರು. ತಾವೇ ತಮ್ಮ ಪುರಾಣ ಬರೆಸಿಕೊಂಡ ಹಾಗಿದೆ. ವೇಷದ ಹಿಂದಿನ ಮನುಷ್ಯರನ್ನು ತೋರಿಸುವ ಒಳ್ಳೆಯ ಅವಕಾಶ ಕೈತಪ್ಪಿತು.

ಡೊನಾಲ್ಡ್ ಗ್ಲೋವರ್‌ನ 'ಅಟ್ಲಾಂಟಾ' (2016-2022) ಹಾಗಲ್ಲ. ಅದರಲ್ಲಿ ಪೇಪರ್ ಬಾಯ್ ಅನ್ನೋ ರ‍್ಯಾಪರ್ ಹೆಸರಾಗುವುದೇ ಪಾರ್ಕಿಂಗ್ ಜಾಗದಲ್ಲಿ ನಡೆದ ಒಂದು ಗುಂಡಿನ ಘಟನೆಯಿಂದ. ಆಮೇಲೆ ಜನ ಅವನನ್ನು ನೋಡುವ ನೋಟವೇ ಬೇರೆ. ಅವನಿಗೋ ಸೋಫಾದಲ್ಲಿ ಸುಮ್ಮನೆ ಕೂತಿರುವುದು ಇಷ್ಟ. ತನ್ನದೇ ಹೆಸರಿನ ಭಾರ ಹೊತ್ತು ಸುಸ್ತಾದ ಮನುಷ್ಯನನ್ನು ಬ್ರಯಾನ್ ಟೈರಿ ಹೆನ್ರಿ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ ಅಂದರೆ, ಮಾತಿಲ್ಲದ ದೃಶ್ಯಗಳೇ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ.

2023ರ 'ಅಮೆರಿಕನ್ ಫಿಕ್ಷನ್' ರ‍್ಯಾಪಿನ ಸಿನೆಮಾ ಅಲ್ಲ, ಆದರೆ ಇದೇ ಪ್ರಶ್ನೆಯ ಸಿನೆಮಾ. ಗಂಭೀರ ಕಾದಂಬರಿ ಬರೆಯುವ ಕರಿಯ ಮೇಷ್ಟರು ರೋಸಿಹೋಗಿ, ತಮಾಷೆಗೆ, ಪರಾರಿಯಾದ ಅಪರಾಧಿಯ ಹೆಸರಿನಲ್ಲಿ ಒಂದು 'ಬೀದಿ ಬದುಕಿನ' ಪುಸ್ತಕ ಗೀಚುತ್ತಾರೆ. ಎಲ್ಲರೂ ಅದನ್ನೇ 'ಅಸಲಿ' ಅಂತ ತಲೆ ಮೇಲೆ ಹೊತ್ತು ಕುಣಿಯುತ್ತಾರೆ. ನಕ್ಕು ನಕ್ಕು, ಆಮೇಲೆ ಯಾಕೋ ನಗು ಗಂಟಲಲ್ಲೇ ನಿಲ್ಲುತ್ತದೆ.

ಲಂಡನ್ನಿನ ಉದಾಹರಣೆ ನೋಡಿ. 2019ರ ಜನವರಿಯಲ್ಲಿ ಸ್ಕೆಂಗ್ಡೋ ಮತ್ತು ಎಎಂ ಎಂಬ ಇಬ್ಬರು ಡ್ರಿಲ್ ರ‍್ಯಾಪರುಗಳಿಗೆ, ಕೋರ್ಟಿನ ನಿರ್ಬಂಧ ಮೀರಿ ಒಂದು ಹಾಡನ್ನು ವೇದಿಕೆಯ ಮೇಲೆ ಹಾಡಿದ್ದಕ್ಕೆ, ಒಂಬತ್ತು ತಿಂಗಳ ಶಿಕ್ಷೆ ಘೋಷಿಸಿ ಅಮಾನತಿನಲ್ಲಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್ 'ಟಾಪ್ ಬಾಯ್' ಧಾರಾವಾಹಿಯನ್ನು ಮತ್ತೆ ಶುರು ಮಾಡಿತು. ಲಂಡನ್ನಿನ ಮಾದಕವಸ್ತು ಗ್ಯಾಂಗುಗಳ ಕಥೆ, ಮುಖ್ಯಪಾತ್ರಗಳಲ್ಲಿ ಕೇನೋ, ಆಶ್ಲಿ ವಾಲ್ಟರ್ಸ್. ಇಬ್ಬರೂ ರ‍್ಯಾಪಿನಿಂದ ಬಂದವರೇ. ವಿಮರ್ಶಕರು ಹೊಗಳಿದರು, ನಾನೂ ನಿದ್ದೆಗೆಟ್ಟು ನೋಡಿದೆ. ಅದೇ ಊರು, ಅದೇ ವರ್ಷ, ಹೆಚ್ಚುಕಡಿಮೆ ಅದೇ ಕಥೆ.

ನಮ್ಮಲ್ಲೇನು ಕಮ್ಮಿ? 1995ರ ಉಪೇಂದ್ರ ನಿರ್ದೇಶನದ 'ಓಂ'ನಲ್ಲಿ ಬೆಂಗಳೂರಿನ ನಿಜವಾದ ರೌಡಿಗಳೇ ಬಂದು ಪಾತ್ರ ಮಾಡಿದ್ದರು. ಆ ಸಿನೆಮಾವನ್ನು ನಾವು ಇವತ್ತಿಗೂ ಮತ್ತೆ ಮತ್ತೆ ನೋಡುತ್ತೇವೆ, ಅದು ನೋಡಬೇಕಾದ ಸಿನೆಮಾವೇ. 2018ರಲ್ಲಿ ರ‍್ಯಾಪರ್ ಚಂದನ್ ಶೆಟ್ಟಿಯವರ ಹಾಡೊಂದು ಗಾಂಜಾವನ್ನು ಹೊಗಳುವಂತಿದೆ ಅಂತ ಬೆಂಗಳೂರಿನ ಸಿಸಿಬಿ ಪೊಲೀಸರು ನೋಟಿಸ್ ಕೊಟ್ಟು ವಿವರಣೆ ಕೇಳಿದರು. ಆ ಹಾಡು ನನಗೂ ಅಷ್ಟಕ್ಕಷ್ಟೇ. ಆದರೆ ಮಚ್ಚು ಹಿಡಿದ ಪಾತ್ರಕ್ಕೆ ಇರುವ ವಿನಾಯಿತಿ ಮೈಕು ಹಿಡಿದ ಪಾತ್ರಕ್ಕೆ ಯಾಕಿಲ್ಲ ಅನ್ನೋ ಪ್ರಶ್ನೆ ಬ್ರಾಂಕ್ಸಿನದಷ್ಟೇ ಅಲ್ಲ, ಬೆಂಗಳೂರಿನದೂ ಹೌದು.

ಕೊನೆಗೆ ಒಂದು ಶಿಫಾರಸು. ಕೆಂಡ್ರಿಕ್‌ನನ್ನು 'ನಾಟ್ ಲೈಕ್ ಅಸ್'ನಿಂದ ಮಾತ್ರ ಗೊತ್ತಿರುವವರು 2012ರ 'ಗುಡ್ ಕಿಡ್, ಮ್ಯಾಡ್ ಸಿಟಿ' ಕೇಳಿ. ಆಲ್ಬಂನ ಹೊದಿಕೆಯ ಮೇಲೆಯೇ ಇದೊಂದು ಕಿರುಚಿತ್ರ ಅಂತ ಬರೆಸಿದ್ದಾನೆ. ಅದರಲ್ಲಿ 'ಸಿಂಗ್ ಅಬೌಟ್ ಮಿ' ಅಂತ ಶುರುವಾಗುವ ಹನ್ನೆರಡು ನಿಮಿಷದ ಹಾಡೊಂದಿದೆ. ಮೊದಲು 'ನಾನು' ಅನ್ನುವವನು ಅಣ್ಣನನ್ನು ಕಳೆದುಕೊಂಡು ಸೇಡಿಗೆ ಕಾದಿರುವ ಹುಡುಗ. ಆಮೇಲೆ 'ನಾನು' ಅನ್ನುವವಳು, ತನ್ನ ಅಕ್ಕನ ಬದುಕನ್ನು ಹಾಡು ಮಾಡಿದ್ದಕ್ಕೆ ಕೆಂಡ್ರಿಕ್ ಮೇಲೆಯೇ ಕಿಡಿಕಾರುವ ಹೆಣ್ಣುಮಗಳು. ಮೂರನೆಯ 'ನಾನು' ಮಾತ್ರ ಕೆಂಡ್ರಿಕ್. ಮೂರು ಜೀವ, ಒಂದೇ ಗಂಟಲು. ಅದರಿಂದ ಎರಡು ಸಾಲು ಹರಿದುಕೊಂಡು ಜ್ಯೂರಿಯ ಮುಂದೆ ಓದಿದರೆ ಯಾರು ಮಾತಾಡುತ್ತಿದ್ದಾರೆ ಅಂತ ಯಾರಿಗೆ ತಿಳಿಯುತ್ತದೆ?

ಮನೆಯಲ್ಲಿ ಯಾರಾದರೂ ಹುಡುಗರು ಪ್ರಾಸ ಕಟ್ಟಿ ನೋಟ್‌ಬುಕ್ಕಿನಲ್ಲಿ ಏನೇನೋ ಗೀಚುತ್ತಿದ್ದರೆ, ಬೈಯುವ ಮುಂಚೆ ಇದರಲ್ಲಿರುವ 'ನಾನು' ಯಾರು ಅಂತ ಒಮ್ಮೆ ಕೇಳಿ ನೋಡಿ. ನಿಮಗೇನನ್ನಿಸುತ್ತೆ, ತಿಳಿಸಿ.